ಒಂಬತ್ತನೇ ತಿಂಗಳ ಸೂಜಿ

2019–21ರಲ್ಲಿ ನಡೆದ ಐದನೇ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಎರಡು ಅಂಕಿಗಳನ್ನು ಅಕ್ಕಪಕ್ಕ ಇಟ್ಟು ನೋಡಬೇಕು. ಒಂದು ವರ್ಷ ತುಂಬಿ ಎರಡು ತುಂಬದ ಮಕ್ಕಳಲ್ಲಿ ಬಿಸಿಜಿ ಲಸಿಕೆ ಸಿಕ್ಕವರು ದೇಶದಲ್ಲಿ ಶೇ 95.2. ಬಿಸಿಜಿ, ಮೂರು ಸಲ ಪೋಲಿಯೊ, ಮೂರು ಸಲ ಪೆಂಟಾವಲೆಂಟ್ ಅಥವಾ ಡಿಪಿಟಿ, ಒಂದು ಸಲ ದಡಾರದ ಲಸಿಕೆ, ಇಷ್ಟೂ ಪೂರ್ತಿಯಾಗಿ ಸಿಕ್ಕವರು ಶೇ 76.4. ಬಿಸಿಜಿ ಹಾಕುವುದು ಹುಟ್ಟಿದ ಕೂಡಲೇ. ಹಾಗಾಗಿ ನೂರರಲ್ಲಿ ಸುಮಾರು ಹತ್ತೊಂಬತ್ತು ಮಕ್ಕಳು ಒಮ್ಮೆ ಆರೋಗ್ಯ ವ್ಯವಸ್ಥೆಯ ಕೈಗೆ ಸಿಕ್ಕು, ಆಮೇಲೆ ಎಲ್ಲೋ ತಪ್ಪಿಹೋಗಿದ್ದಾರೆ.

ಲಸಿಕೆ ಕಡಿಮೆಯಾಗಿರುವ ಹಳ್ಳಿಗಳ ಮಾತು ಬಂದಾಗ ನಗರದಲ್ಲಿ ಕೂತವರ ಬಾಯಿಗೆ ಮೊದಲು ಬರುವ ಕಾರಣ ಮೌಢ್ಯ. ಓದಿಲ್ಲ, ತಿಳಿವಳಿಕೆಯಿಲ್ಲ, ಸೂಜಿ ಎಂದರೆ ಹೆದರುತ್ತಾರೆ ಎಂಬ ವಿವರಣೆ. ಮೇಲಿನ ಎರಡು ಅಂಕಿಗಳು ಆ ವಿವರಣೆಯನ್ನು ಒಪ್ಪುವುದಿಲ್ಲ. ಲಸಿಕೆಯನ್ನೇ ಬೇಡವೆನ್ನುವ ತಾಯಿ ಮೊದಲನೆಯದನ್ನೂ ಬೇಡವೆನ್ನುತ್ತಿದ್ದಳು. ಇವರು ಮೊದಲನೆಯದನ್ನು ಹಾಕಿಸಿದ್ದಾರೆ, ಎಷ್ಟೋ ಜನ ಎರಡನೆಯದನ್ನೂ ಹಾಕಿಸಿದ್ದಾರೆ. ನಿಂತುಹೋದದ್ದು ಆಮೇಲೆ. ಹಾಗಾದರೆ ಕೇಳಬೇಕಾದ ಪ್ರಶ್ನೆ ಅವರು ಏಕೆ ನಂಬುವುದಿಲ್ಲ ಎಂಬುದಲ್ಲ, ನಡುವೆ ಏನಾಯಿತು ಎಂಬುದು.

ಹೆರಿಗೆ ಆಸ್ಪತ್ರೆಗೆ ಬಂದದ್ದು ಇಲ್ಲಿ ದೊಡ್ಡ ಬದಲಾವಣೆ. ಅದೇ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ ಶೇ 97 ಹೆರಿಗೆಗಳು ಆಸ್ಪತ್ರೆಯಲ್ಲೇ ಆಗುತ್ತಿವೆ. ಕೂಸು ಹುಟ್ಟಿದಲ್ಲಿಯೇ ಬಿಸಿಜಿ, ಪೋಲಿಯೊ ಹನಿ, ಹೆಪಟೈಟಿಸ್ ಬಿ ಮೂರೂ ಆಗಿಬಿಡುತ್ತವೆ. ಅದಕ್ಕಾಗಿ ತಾಯಿ ಬೇರೆಲ್ಲೂ ಹೋಗಬೇಕಾಗಿಲ್ಲ. ಆಮೇಲಿನದು ಹಾಗಲ್ಲ. 6ನೇ ವಾರ, 10ನೇ ವಾರ, 14ನೇ ವಾರ, ಒಂಬತ್ತು ತಿಂಗಳು, ಮತ್ತೆ 16ರಿಂದ 24 ತಿಂಗಳೊಳಗೆ ಇನ್ನೊಂದು ಸಲ. ಪ್ರತಿ ಸಲವೂ ಅವಳು ಒಂದು ದಿನ ಬಿಡುವು ಮಾಡಿಕೊಂಡು, ಕೂಸನ್ನು ಎತ್ತಿಕೊಂಡು, ಲಸಿಕೆಯ ಲೆಕ್ಕವಿರುವ ತಾಯಿ ಕಾರ್ಡ್ ಹುಡುಕಿಕೊಂಡು ಹೊರಡಬೇಕು. 14ನೇ ವಾರಕ್ಕೂ ಒಂಬತ್ತನೇ ತಿಂಗಳಿಗೂ ನಡುವೆ ಐದು ತಿಂಗಳಿಗಿಂತ ಹೆಚ್ಚಿನ ಅಂತರವಿದೆ. ಅಷ್ಟರಲ್ಲಿ ಸೂಜಿಯ ನೆನಪು ಮನೆಯಿಂದ ಹೋಗಿರುತ್ತದೆ, ಎಷ್ಟೋ ಸಲ ಮನೆಯವರೇ ಊರಿನಿಂದ ಹೋಗಿರುತ್ತಾರೆ.

ದಡಾರದ ಲಸಿಕೆಯನ್ನು ಅಷ್ಟು ತಡವಾಗಿ ಕೊಡುವುದಕ್ಕೆ ಗಟ್ಟಿಯಾದ ಕಾರಣವಿದೆ. ತಾಯಿಯ ರಕ್ತದಿಂದ ಕೂಸಿಗೆ ಬಂದ ಪ್ರತಿಕಾಯಗಳು ಮೊದಲ ತಿಂಗಳುಗಳಲ್ಲಿ ಅದನ್ನು ಕಾಯುತ್ತವೆ. ದಡಾರದ ಲಸಿಕೆಯಲ್ಲಿರುವುದು ಬಲಗುಂದಿಸಿದ, ಆದರೆ ಜೀವಂತವಾದ ವೈರಸ್. ತಾಯಿಯ ಪ್ರತಿಕಾಯಗಳು ಇನ್ನೂ ಇರುವಾಗ ಅದನ್ನು ಹಾಕಿದರೆ, ಅದು ಬೆಳೆದು ಮಗುವಿನ ದೇಹಕ್ಕೆ ಪಾಠ ಕಲಿಸುವ ಮೊದಲೇ ಆ ಪ್ರತಿಕಾಯಗಳು ಅದನ್ನು ಅಳಿಸಿಬಿಡುತ್ತವೆ. ತೀರಾ ತಡ ಮಾಡಿದರೆ ತಾಯಿ ಕೊಟ್ಟ ರಕ್ಷಣೆ ಮುಗಿದು, ತನ್ನದೇ ರಕ್ಷಣೆ ಇನ್ನೂ ಹುಟ್ಟದ ಹೊತ್ತಿನಲ್ಲಿ ಮಗು ಸಿಕ್ಕಿಬೀಳುತ್ತದೆ. ರೋಗ ಹೆಚ್ಚಿರುವ ನಮ್ಮಂಥ ದೇಶಗಳಲ್ಲಿ ಈ ಎರಡರ ನಡುವೆ ಆರಿಸಿಕೊಂಡ ಗಳಿಗೆ ಒಂಬತ್ತು ತಿಂಗಳು. ಆಗ ಹಾಕಿಸಿದ ಮಕ್ಕಳಲ್ಲಿ ಶೇ 85ರಷ್ಟು ಮಕ್ಕಳಿಗೆ ರಕ್ಷಣೆ ಸಿಗುತ್ತದೆ. ಉಳಿದವರಿಗಾಗಿಯೇ ಎರಡನೇ ಡೋಸ್.

ದಡಾರ ಮನುಷ್ಯನಿಗೆ ಗೊತ್ತಿರುವ ಅತಿ ವೇಗದ ಅಂಟುರೋಗಗಳಲ್ಲಿ ಒಂದು. ಯಾರಿಗೂ ರಕ್ಷಣೆಯಿಲ್ಲದ ಊರಿನಲ್ಲಿ ಒಬ್ಬ ರೋಗಿಯಿಂದ 12ರಿಂದ 18 ಜನರಿಗೆ ಹರಡುತ್ತದೆ. ಅದನ್ನು ತಡೆಯಲು ನೂರಕ್ಕೆ 95 ಮಂದಿಗೆ ರಕ್ಷಣೆ ಇರಬೇಕು. ರಾಜ್ಯದ ಸರಾಸರಿ ಚೆನ್ನಾಗಿದೆ ಎಂಬ ಸಮಾಧಾನ ಇಲ್ಲಿ ಉಪಯೋಗಕ್ಕೆ ಬರುವುದಿಲ್ಲ. ವೈರಸ್ ಹುಡುಕುವುದು ಸರಾಸರಿಯನ್ನಲ್ಲ, ಲಸಿಕೆ ಸಿಗದ ಮಕ್ಕಳು ಒಂದೇ ಕಡೆ ಸೇರಿರುವ ತಾಂಡಾವನ್ನು, ದೊಡ್ಡಿಯನ್ನು, ಕಟ್ಟಡದ ಪಕ್ಕದ ಶೆಡ್ಡುಗಳನ್ನು. 2019ರಲ್ಲಿ ಪ್ರಕಟವಾದ ಒಂದು ಅಧ್ಯಯನ ಇನ್ನೊಂದು ಭಯದ ವಿಷಯವನ್ನು ತೋರಿಸಿತು. ದಡಾರ ಬಂದುಹೋದ ಮಕ್ಕಳ ರಕ್ತದಲ್ಲಿ ಬೇರೆ ಬೇರೆ ರೋಗಗಳ ವಿರುದ್ಧ ಅಲ್ಲಿಯವರೆಗೆ ಕೂಡಿಟ್ಟಿದ್ದ ಪ್ರತಿಕಾಯಗಳಲ್ಲಿ ಶೇ 11ರಿಂದ 73ರಷ್ಟು ಅಳಿಸಿಹೋಗಿದ್ದವು. ಮೊದಲೇ ಅಪೌಷ್ಟಿಕತೆಯಿಂದ ಸೊರಗಿದ ಮಗುವಿಗೆ ಇದರ ಅರ್ಥ, ದದ್ದು ಇಳಿದ ಮೇಲೂ ಎಷ್ಟೋ ತಿಂಗಳು ನ್ಯುಮೋನಿಯಾ, ಭೇದಿಗಳಿಗೆ ಬಾಗಿಲು ತೆರೆದೇ ಇರುತ್ತದೆ ಎಂದು.

ಈಗ ಆ ಒಂಬತ್ತನೇ ತಿಂಗಳನ್ನು ರಾಯಚೂರು, ಯಾದಗಿರಿ, ಕಲಬುರಗಿ, ವಿಜಯಪುರದ ಒಣಭೂಮಿಯ ವರ್ಷದ ಮೇಲೆ ಇಟ್ಟು ನೋಡೋಣ. ದಸರೆ, ದೀಪಾವಳಿ ಮುಗಿದು ಹೊಲದ ಕೆಲಸ ಇಳಿದಂತೆ ಗುಳೆ ಶುರು. ಕೆಲವರು ಕಬ್ಬು ಕಡಿಯಲು, ಹೆಚ್ಚಿನವರು ಬೆಂಗಳೂರು, ಹೈದರಾಬಾದ್, ಪುಣೆ, ಮುಂಬೈ, ಗೋವಾದ ಕಟ್ಟಡಗಳಿಗೆ. ವಾಪಸಾಗುವುದು ಯುಗಾದಿಗೆ ಅಥವಾ ಮುಂಗಾರಿನ ಮೊದಲ ಮಳೆಗೆ. ಫೆಬ್ರುವರಿಯಲ್ಲಿ ಹುಟ್ಟಿದ ಕೂಸಿಗೆ ಒಂಬತ್ತು ತಿಂಗಳು ತುಂಬುವುದು ನವೆಂಬರಿನಲ್ಲಿ, ಮಾರ್ಚಿನದಕ್ಕೆ ಡಿಸೆಂಬರಿನಲ್ಲಿ. ಅಕ್ಟೋಬರಿನ ಕೂಸಿಗಂತೂ 6, 10, 14ನೇ ವಾರದ ಮೂರೂ ಸೂಜಿಗಳು ಗುಳೆಯ ಕಾಲದಲ್ಲೇ ಬರುತ್ತವೆ. ಲಸಿಕೆಯ ಪಟ್ಟಿಯನ್ನು ಮಾಡಿದವರು ಮಗುವಿನ ದೇಹವನ್ನು ನೋಡಿ ಮಾಡಿದ್ದಾರೆ, ಅದು ಸರಿಯೇ. ಆದರೆ ಆ ಪಟ್ಟಿಯನ್ನು ಜಾರಿಗೆ ತರುವ ವ್ಯವಸ್ಥೆ ಮಗು ವರ್ಷಪೂರ್ತಿ ಒಂದೇ ಊರಿನಲ್ಲಿರುತ್ತದೆ ಎಂದು ನಂಬಿಕೊಂಡಿದೆ. ಲಸಿಕೆ ತಪ್ಪಿದ ಮಕ್ಕಳನ್ನು ಹುಡುಕಲು 2014ರ ಡಿಸೆಂಬರಿನಲ್ಲಿ ಆರಂಭವಾದ ಇಂದ್ರಧನುಷ್ ಅಭಿಯಾನದ ಮೊದಲ 201 ಜಿಲ್ಲೆಗಳಲ್ಲಿ ನಮ್ಮ ಯಾದಗಿರಿ, ರಾಯಚೂರು, ಕಲಬುರಗಿ, ಕೊಪ್ಪಳ ಇದ್ದವು. ಗುಳೆಯ ನಕ್ಷೆ, ಲಸಿಕೆ ತಪ್ಪಿದ ನಕ್ಷೆ ಒಂದರ ಮೇಲೊಂದು ಬಿದ್ದಂತೆ ಕಾಣುವುದು ಆಕಸ್ಮಿಕವಲ್ಲ.

ಗುಳೆ ಹೋಗದ ಮನೆಗಳಲ್ಲೂ ಒಂದು ಪ್ರಯಾಣವಿದೆ, ಅದರ ಬಗ್ಗೆ ಯಾರೂ ಹೆಚ್ಚು ಮಾತಾಡುವುದಿಲ್ಲ. ಚೊಚ್ಚಲ ಹೆರಿಗೆ, ಎಷ್ಟೋ ಕಡೆ ಎರಡನೆಯದೂ, ತವರಿನಲ್ಲಿ. ಕೂಸು ಹುಟ್ಟುವುದು ಒಂದು ತಾಲ್ಲೂಕಿನಲ್ಲಿ, ಮೂರನೇ ತಿಂಗಳಿಗೋ ಐದನೆಯದಕ್ಕೋ ತೊಟ್ಟಿಲ ಸಮೇತ ಗಂಡನ ಮನೆಗೆ ಬರುವುದು ಇನ್ನೊಂದು ತಾಲ್ಲೂಕಿಗೆ. ತವರೂರಿನ ಆಶಾ ಕಾರ್ಯಕರ್ತೆಯ ಪುಸ್ತಕದಲ್ಲಿ ‘ಗಂಡನ ಮನೆಗೆ ಹೋದರು’ ಎಂದು ಗೆರೆ ಎಳೆಯಲಾಗಿದೆ. ಗಂಡನ ಊರಿನ ಆಶಾಳ ಪುಸ್ತಕದಲ್ಲಿ ಆ ಕೂಸಿನ ಹೆರಿಗೆಯೇ ದಾಖಲಾಗಿಲ್ಲ. ಬಾಣಂತನ ನಮ್ಮ ಸಂಸ್ಕೃತಿಯ ಅತ್ಯಂತ ಅಕ್ಕರೆಯ ಏರ್ಪಾಡು. ತಾಯಿಗೆ ವಿಶ್ರಾಂತಿ, ಆರೈಕೆ ಎಲ್ಲ ಸಿಗುವುದು ಅಲ್ಲಿಯೇ. ಅದನ್ನು ಬಿಡಿ ಎಂದು ಯಾರೂ ಹೇಳಬಾರದು. ಎರಡೂ ಊರಿನ ಪುಸ್ತಕಗಳು ಒಂದಕ್ಕೊಂದು ಮಾತಾಡುವಂತೆ ಮಾಡುವುದು ಇಲಾಖೆಯ ಕೆಲಸ.

ಕರ್ನಾಟಕದಲ್ಲಿ ಸಾಮಾನ್ಯವಾಗಿ ಗುರುವಾರ ಲಸಿಕೆಯ ದಿನ. ಒಂದು ತಾಂಡಾದ ಅಂಗನವಾಡಿಯಲ್ಲಿ ಆ ಬೆಳಿಗ್ಗೆ ಏನಾಗುತ್ತದೆ ಎಂದು ಹತ್ತಿರದಿಂದ ನೋಡಿದರೆ ಅಂಕಿಗಳ ಹಿಂದಿನ ಎಷ್ಟೋ ಸಂಗತಿ ಅರ್ಥವಾಗುತ್ತದೆ. ಪ್ರಾಥಮಿಕ ಆರೋಗ್ಯ ಕೇಂದ್ರದಿಂದ ಲಸಿಕೆಯ ಡಬ್ಬಿ ಬರುತ್ತದೆ. ಒಳಗೆ ನಾಲ್ಕು ಐಸ್ ಪ್ಯಾಕ್, ನಡುವೆ ಪ್ಲಾಸ್ಟಿಕ್ ಚೀಲದಲ್ಲಿ ಸೀಸೆಗಳು. ಒಳಗಿನ ಉಷ್ಣತೆ 2ರಿಂದ 8 ಡಿಗ್ರಿಯೊಳಗಿರಬೇಕು. ರಾಯಚೂರಿನ ಬಿಸಿಲಿಗೆ ಲಸಿಕೆ ಕೆಡುತ್ತದೆಂಬ ಆತಂಕ ಎಲ್ಲರಿಗೂ ಇದೆ. ಸೀಸೆಯ ಮೇಲಿನ ಸಣ್ಣ ಗುರುತು ಅದನ್ನು ಹೇಳಿಬಿಡುತ್ತದೆ: ವೃತ್ತದೊಳಗೊಂದು ಬಿಳಿ ಚೌಕ, ಬಿಸಿ ತಾಗಿದಷ್ಟೂ ಕಪ್ಪಾಗುತ್ತಾ ಹೋಗಿ ಹೊರಗಿನ ವೃತ್ತದ ಬಣ್ಣಕ್ಕೆ ಬಂದರೆ ಆ ಸೀಸೆಯನ್ನು ಬಳಸುವಂತಿಲ್ಲ. ಕಣ್ಣಿಗೆ ಕಾಣದ ಅಪಾಯ ಇರುವುದು ಚಳಿಯಲ್ಲಿ. ಫ್ರೀಜರಿನಿಂದ ತೆಗೆದ ಐಸ್ ಪ್ಯಾಕನ್ನು ಹಾಗೆಯೇ ಡಬ್ಬಿಗೆ ತುಂಬಿದರೆ ಪೆಂಟಾವಲೆಂಟ್ ಹೆಪ್ಪುಗಟ್ಟುತ್ತದೆ. ಅದರಲ್ಲಿರುವ ಅಲ್ಯುಮಿನಿಯಂ ಲವಣದ ಕಣಗಳು ಗುಂಪುಗೂಡಿ ಲಸಿಕೆಯ ಶಕ್ತಿ ಹೋಗುತ್ತದೆ, ಮತ್ತೆ ಕರಗಿದ ಮೇಲೆ ಮೇಲುನೋಟಕ್ಕೆ ಏನೂ ಗೊತ್ತಾಗುವುದಿಲ್ಲ. ಅದಕ್ಕೇ ಪ್ಯಾಕನ್ನು ಹೊರಗಿಟ್ಟು, ಕಿವಿಯ ಹತ್ತಿರ ಅಲುಗಾಡಿಸಿ, ಒಳಗೆ ನೀರು ಕುಲುಕುವ ಸದ್ದು ಕೇಳಿದ ಮೇಲೆಯೇ ಡಬ್ಬಿಗೆ ಹಾಕಬೇಕು. ಮುಂಜಾನೆಯ ಗಡಿಬಿಡಿಯಲ್ಲಿ ಇದಕ್ಕೆ ಬೇಕಾದ ಆ ಸ್ವಲ್ಪ ಹೊತ್ತನ್ನು ಕೊಡುವ ಸಿಬ್ಬಂದಿಯ ಶ್ರದ್ಧೆಯ ಮೇಲೆ ಒಂದು ಹೋಬಳಿಯ ಮಕ್ಕಳ ರಕ್ಷಣೆ ನಿಂತಿದೆ.

ಮಧ್ಯಾಹ್ನ ಹನ್ನೆರಡರ ಸುಮಾರಿಗೆ ಒಬ್ಬಳೇ ತಾಯಿ ಒಂಬತ್ತು ತಿಂಗಳ ಕೂಸನ್ನು ಎತ್ತಿಕೊಂಡು ಬರುತ್ತಾಳೆ ಎನ್ನೋಣ. ದಡಾರ-ರುಬೆಲ್ಲಾ ಲಸಿಕೆ ಪುಡಿಯ ರೂಪದಲ್ಲಿರುತ್ತದೆ. ದ್ರಾವಣ ಬೆರೆಸಿದ ಮೇಲೆ ನಾಲ್ಕು ಗಂಟೆಯೊಳಗೆ ಬಳಸಬೇಕು, ಉಳಿದದ್ದನ್ನು ಎಸೆಯಬೇಕು. ಬಿಸಿಜಿಗೂ ಇದೇ ನಿಯಮ. ಬೆರೆಸಿದ ಸೀಸೆಯೊಳಗೆ ಬ್ಯಾಕ್ಟೀರಿಯಾ ಸೇರಿಕೊಂಡರೆ ಅದು ವಿಷವಾಗಿ ಮಗುವಿನ ಪ್ರಾಣಕ್ಕೇ ಎರವಾಗಬಹುದು, ಆದ್ದರಿಂದ ಈ ನಿಯಮದಲ್ಲಿ ರಾಜಿಯಿಲ್ಲ. ಆದರೆ ಒಂದು ಸೀಸೆಯಲ್ಲಿರುವುದು ಐದು ಅಥವಾ ಹತ್ತು ಮಕ್ಕಳಿಗಾಗುವಷ್ಟು ಮದ್ದು. ಒಂದು ಕೂಸಿಗಾಗಿ ಒಡೆದರೆ ಉಳಿದದ್ದೆಲ್ಲ ಪೋಲು. ಒಂದೇ ಮಗುವಿದ್ದರೂ ಸೀಸೆ ತೆರೆಯಿರಿ ಎಂದು ಸರ್ಕಾರದ ಮಾರ್ಗಸೂಚಿ ಹೇಳುತ್ತದೆ. ತಿಂಗಳ ಸಭೆಯಲ್ಲಿ ಪೋಲಿನ ಲೆಕ್ಕ ಕೇಳುವುದೂ ಅದೇ ಇಲಾಖೆ. ಈ ಎರಡರ ನಡುವೆ ಸಿಕ್ಕ ನರ್ಸ್ “ಮುಂದಿನ ವಾರ ಬಾ ಯವ್ವಾ, ಇನ್ನೂ ನಾಕ್ ಕೂಸು ಬರ್ತಾವ” ಎಂದರೆ ಅವಳನ್ನು ಬೈಯುವುದು ಸುಲಭ. ಆ ತಾಯಿಗೆ ಮಾತ್ರ ಅದು ಇನ್ನೊಂದು ದಿನದ ಕೂಲಿ. ಅವಳು ಬರದಿದ್ದಾಗ ‘ತಾಯಿಯ ನಿರ್ಲಕ್ಷ್ಯ’ ಎಂದು ಬರೆದುಕೊಳ್ಳುವುದು ನನ್ನ ದೃಷ್ಟಿಯಲ್ಲಿ ಅನ್ಯಾಯ. ನಾಲ್ಕು ಡೋಸ್ ಮದ್ದು ಪೋಲಾದರೆ ಮತ್ತೆ ತರಿಸಬಹುದು, ಬಂದು ವಾಪಸು ಹೋದ ತಾಯಿಯನ್ನು ಮತ್ತೆ ಕರೆತರುವುದು ಅಷ್ಟು ಸುಲಭವಲ್ಲ.

ಸುರಕ್ಷತೆಗಾಗಿ ತೆಗೆದುಕೊಂಡ ತೀರ್ಮಾನವೂ ದೂರವನ್ನು ಹೆಚ್ಚಿಸಬಹುದು ಎಂಬುದಕ್ಕೆ ಪಕ್ಕದ ರಾಜ್ಯದ ಉದಾಹರಣೆ ಇದೆ. 2008ರ ಏಪ್ರಿಲಿನಲ್ಲಿ ತಮಿಳುನಾಡಿನ ತಿರುವಳ್ಳೂರು ಜಿಲ್ಲೆಯಲ್ಲಿ ದಡಾರದ ಲಸಿಕೆ ಹಾಕಿಸಿಕೊಂಡ ನಾಲ್ಕು ಕೂಸುಗಳು ಸತ್ತವು. ಅದಾದ ಮೇಲೆ ಸರ್ಕಾರ ಹಳ್ಳಿಗಳೊಳಗಿನ ಲಸಿಕಾ ಶಿಬಿರ ನಿಲ್ಲಿಸಿ, ಆರೋಗ್ಯ ಕೇಂದ್ರಗಳಲ್ಲೇ ಲಸಿಕೆ ಹಾಕುವ ಪದ್ಧತಿ ತಂದಿತು. ಮೂರನೇ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಅಲ್ಲಿ ಶೇ 80.9 ಇದ್ದ ಪೂರ್ಣ ಲಸಿಕೆಯ ಪ್ರಮಾಣ ನಾಲ್ಕನೆಯದರಲ್ಲಿ 69.7ಕ್ಕೆ ಇಳಿದು, ಐದನೆಯದರಲ್ಲಿ 89.2ಕ್ಕೆ ಏರಿತು. ಇಳಿದದ್ದಕ್ಕೆ ಅದೊಂದೇ ಕಾರಣ ಎಂದು ಹೇಳಲಾಗದು. ಆದರೆ ಸಾರ್ವಜನಿಕ ಆರೋಗ್ಯಕ್ಕೆ ಹೆಸರಾದ ರಾಜ್ಯದಲ್ಲೂ ಗಳಿಸಿದ್ದು ಕೈಜಾರುತ್ತದೆ ಎಂಬುದನ್ನು ಗಮನಿಸಬೇಕು.

ಭಯದ ಮಾತಿಗೆ ಬರೋಣ. ಭಯ ಇಲ್ಲವೇ ಇಲ್ಲ ಎಂದು ನಾನು ಹೇಳುತ್ತಿಲ್ಲ. “ಸೂಜಿ ಮಾಡಿಸಿದ್ರ ಕೂಸಿಗೆ ಜ್ವರ ಬರ್ತಾವ್ರಿ, ರಾತ್ರಿಯೆಲ್ಲ ಅಳತೈತಿ” ಎನ್ನುವ ತಾಯಿ ಸುಳ್ಳು ಹೇಳುತ್ತಿಲ್ಲ, ಅವಳು ಹೇಳುವುದು ವೈಜ್ಞಾನಿಕವಾಗಿಯೂ ನಿಜ. ನಮ್ಮ ಸರ್ಕಾರಿ ಪೆಂಟಾವಲೆಂಟ್‌ನಲ್ಲಿ ಗಂಟಲಮಾರಿ, ಧನುರ್ವಾಯು, ಹೆಪಟೈಟಿಸ್ ಬಿ, ಹಿಬ್ ಎಂಬ ಬ್ಯಾಕ್ಟೀರಿಯಾದ ಸೋಂಕು, ಇವುಗಳ ಜೊತೆಗೆ ನಾಯಿಕೆಮ್ಮಿನ ಲಸಿಕೆಯೂ ಇದೆ. ಆ ನಾಯಿಕೆಮ್ಮಿನ ಭಾಗದಲ್ಲಿರುವುದು ಸಾಯಿಸಿದ ಇಡೀ ಬ್ಯಾಕ್ಟೀರಿಯಾ. ದೇಹ ಅದನ್ನು ಶತ್ರುವೆಂದು ಗುರುತಿಸಿ ಪ್ರತಿಕ್ರಿಯೆ ತೋರಿಸುವುದರಿಂದ ಜ್ವರ, ಚುಚ್ಚಿದ ತೊಡೆಯಲ್ಲಿ ಬಾವು ಬರುತ್ತವೆ. ಖಾಸಗಿ ಆಸ್ಪತ್ರೆಗಳಲ್ಲಿ ಸಿಗುವ ದುಬಾರಿಯಾದ ಇನ್ನೊಂದು ಬಗೆಯಲ್ಲಿ ಬ್ಯಾಕ್ಟೀರಿಯಾದ ಕೆಲವು ತುಣುಕುಗಳು ಮಾತ್ರ ಇರುವುದರಿಂದ ಜ್ವರ ಕಡಿಮೆ, ಆದರೆ ಅದರ ರಕ್ಷಣೆ ಬೇಗ ಇಳಿಯುತ್ತದೆ. 6ನೇ ವಾರ ಹೋದರೆ ಒಂದೇ ದಿನ ಎರಡೂ ತೊಡೆಗೆ, ಬಲತೋಳಿಗೆ, ಹೀಗೆ ಮೂರು ಕಡೆ ಚುಚ್ಚುತ್ತಾರೆ. ಮರುದಿನ ತಾಯಿ ಕೆಲಸಕ್ಕೆ ಹೋಗುವಂತಿಲ್ಲ. ಅತ್ತೆ ಬೈಯುತ್ತಾಳೆ, ಗಂಡ ಮುಖ ಗಂಟಿಕ್ಕುತ್ತಾನೆ. ಮುಂದಿನ ಸಲ ಹೋಗಬೇಡ ಎನ್ನಲು ಅಷ್ಟು ಸಾಕು.

ಸೂಜಿ ಹಾಕಿದ ಮೇಲೆ ಹೇಳಬೇಕಾದ ನಾಲ್ಕು ಮಾತುಗಳನ್ನು ನರ್ಸ್‌ಗಳಿಗೆ ತರಬೇತಿಯಲ್ಲೇ ಕಲಿಸುತ್ತಾರೆ: ಯಾವ ರೋಗಕ್ಕೆ ಈ ಲಸಿಕೆ, ಮತ್ತೆ ಯಾವಾಗ ಬರಬೇಕು, ಏನೇನು ಆಗಬಹುದು ಮತ್ತು ಆದರೆ ಏನು ಮಾಡಬೇಕು, ಕಾರ್ಡ್ ಜೋಪಾನ ಮಾಡಿ ಮುಂದಿನ ಸಲ ತನ್ನಿ. ಇವುಗಳಲ್ಲಿ ಮೂರನೆಯದೇ ಮುಖ್ಯವೆಂದು ನನಗೆ ಅನ್ನಿಸುತ್ತದೆ. ಜ್ವರ ಬರುತ್ತದೆ ಎಂದು ಮೊದಲೇ ಕೇಳಿದ ತಾಯಿಗೆ ಜ್ವರ ಬಂದಾಗ ನರ್ಸ್ ಹೇಳಿದ್ದು ನಿಜವಾಯಿತು ಎನಿಸುತ್ತದೆ. ಕೇಳದ ತಾಯಿಗೆ ತನ್ನ ಕೂಸಿಗೆ ಏನೋ ಮಾಡಿಬಿಟ್ಟರು ಎನಿಸುತ್ತದೆ. ಪ್ಯಾರಾಸಿಟಮಾಲ್ ಜೊತೆಗೆ ಒಂದು ನಿಮಿಷದ ಮಾತು ಬೇಕು. ಮೂವತ್ತು ಮಕ್ಕಳು ಸಾಲಿನಲ್ಲಿದ್ದು, ಒಬ್ಬಳೇ ನರ್ಸ್ ಸೂಜಿಯನ್ನೂ ಹಾಕಿ ರಿಜಿಸ್ಟರನ್ನೂ ಬರೆಯುವಾಗ ಮೊದಲು ಬಿಟ್ಟುಹೋಗುವುದು ಆ ಒಂದು ನಿಮಿಷವೇ.

ಇದಕ್ಕಿಂತ ಆಳದ ಅನುಮಾನಗಳಿಗೆ ಚರಿತ್ರೆಯಿದೆ. ತುರ್ತುಪರಿಸ್ಥಿತಿಯ ಕಾಲದಲ್ಲಿ ಬಲವಂತದ ಸಂತಾನಹರಣ ಶಸ್ತ್ರಚಿಕಿತ್ಸೆ ಕಂಡ ಸಮುದಾಯಗಳಲ್ಲಿ, ಸರ್ಕಾರ ಮನೆ ಬಾಗಿಲಿಗೆ ತರುವ ಮದ್ದು ಮಕ್ಕಳಾಗದಂತೆ ಮಾಡುತ್ತದೆಂಬ ವದಂತಿ ಪೋಲಿಯೊ ಹನಿಯ ಕಾಲದಲ್ಲೂ ತಲೆಯೆತ್ತಿತು. 2017ರ ಫೆಬ್ರುವರಿಯಲ್ಲಿ ಬೆಂಗಳೂರಿನಿಂದಲೇ ದಡಾರ-ರುಬೆಲ್ಲಾ ಅಭಿಯಾನ ಆರಂಭವಾದಾಗ ವಾಟ್ಸ್‌ಆ್ಯಪ್‌ನಲ್ಲಿ ಹರಿದಾಡಿದ ಸಂದೇಶಗಳನ್ನು ನಂಬಿ ಹಿಂಜರಿದವರಲ್ಲಿ ಓದಿದ ಪೋಷಕರೂ ಇದ್ದರು. ಅನುಮಾನ ಹಳ್ಳಿಯ ಬಡವರ ಸೊತ್ತಲ್ಲ.

ಅನುಮಾನಕ್ಕಾಗಲಿ ಮರೆವಿಗಾಗಲಿ ಮದ್ದು ಏನು ಎಂಬುದನ್ನು ಕೆಲವರು ಪ್ರಯೋಗ ಮಾಡಿ ನೋಡಿದ್ದಾರೆ. ರಾಜಸ್ಥಾನದ ಉದಯಪುರ ಜಿಲ್ಲೆಯಲ್ಲಿ ಸೇವಾ ಮಂದಿರ ಎಂಬ ಸಂಸ್ಥೆಯೊಂದಿಗೆ ಅಭಿಜಿತ್ ಬ್ಯಾನರ್ಜಿ, ಎಸ್ತರ್ ಡುಫ್ಲೊ ಮತ್ತು ಸಂಗಡಿಗರು 134 ಹಳ್ಳಿಗಳಲ್ಲಿ ಮಾಡಿದ ಅಧ್ಯಯನ 2010ರಲ್ಲಿ ಪ್ರಕಟವಾಯಿತು. ಏನೂ ಬದಲಿಸದ ಹಳ್ಳಿಗಳಲ್ಲಿ ಪೂರ್ಣ ಲಸಿಕೆ ಸಿಕ್ಕ ಮಕ್ಕಳು ಶೇ 6. ಪ್ರತಿ ತಿಂಗಳು ತಪ್ಪದೆ ಊರಿನಲ್ಲೇ ಶಿಬಿರ ನಡೆಸಿದಲ್ಲಿ ಶೇ 18. ಶಿಬಿರದ ಜೊತೆಗೆ ಪ್ರತಿ ಸೂಜಿಗೆ ಒಂದು ಕಿಲೊ ಬೇಳೆ, ಎಲ್ಲ ಮುಗಿದಾಗ ಊಟದ ತಟ್ಟೆಗಳನ್ನು ಕೊಟ್ಟಲ್ಲಿ ಶೇ 39. ಬೇಳೆಗೆ ಖರ್ಚಾದರೂ ಒಂದು ಮಗುವಿಗೆ ಪೂರ್ತಿ ಲಸಿಕೆ ಹಾಕಿಸುವ ವೆಚ್ಚ ಬರಿಯ ಶಿಬಿರಕ್ಕಿಂತ ಅರ್ಧಕ್ಕೆ ಇಳಿಯಿತು. ಎಷ್ಟು ಮಕ್ಕಳು ಬಂದರೂ ಶಿಬಿರದ ಖರ್ಚು ಬಹುಪಾಲು ಅಷ್ಟೇ ಅಲ್ಲವೇ. ಬೇಳೆ ಕೊಡುವುದು ಲಂಚ ಎಂದವರಿದ್ದಾರೆ. ನಾನು ಒಪ್ಪುವುದಿಲ್ಲ. ಒಂದು ದಿನದ ಕೂಲಿ ಬಿಟ್ಟು ಬಂದವಳಿಗೆ ಒಂದು ಕಿಲೊ ಬೇಳೆ ಪೂರ್ತಿ ಪರಿಹಾರವೂ ಅಲ್ಲ. ಇನ್ನೊಂದನ್ನೂ ಗಮನಿಸಿ: ಬೇಳೆ ಕೊಟ್ಟರೂ ನೂರಕ್ಕೆ ಅರವತ್ತೊಂದು ಮಕ್ಕಳು ಉಳಿದೇ ಹೋದರು.

ಇನ್ನೊಂದು ಪ್ರಯೋಗದ ಮೂಲ ನಮ್ಮ ರಾಜ್ಯದ್ದೇ. ಬ್ಯಾನರ್ಜಿ, ಅರುಣ್ ಚಂದ್ರಶೇಖರ್, ಡುಫ್ಲೊ, ಮ್ಯಾಥ್ಯೂ ಜಾಕ್ಸನ್ ಅವರು ಕರ್ನಾಟಕದ 213 ಹಳ್ಳಿಗಳಲ್ಲಿ, ಊರಿಗೆಲ್ಲ ಒಂದು ಸುದ್ದಿ ಮುಟ್ಟಿಸಬೇಕಾದರೆ ಯಾರಿಗೆ ಹೇಳಬೇಕು ಎಂಬುದನ್ನು ಪರೀಕ್ಷಿಸಿದರು. ಕೆಲವು ಊರುಗಳಲ್ಲಿ ಸುದ್ದಿಯನ್ನು ಯಾರಿಗೆಂದರೆ ಅವರಿಗೆ ಹೇಳಿದರು, ಕೆಲವು ಕಡೆ ಹಿರಿಯರಿಗೆ, ಇನ್ನು ಕೆಲವು ಕಡೆ ‘ಇವರಿಗೆ ಹೇಳಿದರೆ ಊರಿಗೆಲ್ಲ ಗೊತ್ತಾಗುತ್ತದೆ’ ಎಂದು ಊರವರೇ ಹೆಸರಿಸಿದವರಿಗೆ. ಊರವರು ಹೆಸರಿಸಿದವರಿಂದಲೇ ಸುದ್ದಿ ಹೆಚ್ಚು ದೂರ ಹೋಯಿತು. ಅದೇ ಉಪಾಯವನ್ನು ಆಮೇಲೆ ಹರಿಯಾಣದಲ್ಲಿ ಲಸಿಕೆಗೆ ಬಳಸಿದಾಗ, ಆ ಹಳ್ಳಿಗಳಲ್ಲಿ ಶಿಬಿರಕ್ಕೆ ಬಂದ ಮಕ್ಕಳು ಯಾರಿಗೆಂದರೆ ಅವರಿಗೆ ಸುದ್ದಿ ಹೇಳಿದ ಹಳ್ಳಿಗಳಿಗಿಂತ ಶೇ 22ರಷ್ಟು ಹೆಚ್ಚು. ಬಾವಿಕಟ್ಟೆಯಲ್ಲಿ, ಗಿರಣಿಯ ಮುಂದೆ, ನಾಲ್ಕು ಮನೆಗೆ ಹೋಗಿಬರುವ ಅಂಥ ಹೆಂಗಸು ಯಾರೆಂದು ಪ್ರತಿ ಊರಿಗೂ ಗೊತ್ತಿರುತ್ತದೆ. ಗೋಡೆಯ ಮೇಲೆ ಬರೆಸಿದ ಘೋಷಣೆಗಿಂತ ಅವಳ ಮಾತು ಹೆಚ್ಚು ಕೆಲಸ ಮಾಡುತ್ತದೆ.

ಆಶಾ ಕಾರ್ಯಕರ್ತೆಯನ್ನು ಆರಿಸುವಾಗಲೂ ಮೂಲ ಆಶಯ ಇದೇ ಆಗಿತ್ತು: ಅದೇ ಊರಿನವಳು, ಸುಮಾರು ಸಾವಿರ ಜನರಿಗೆ ಒಬ್ಬಳು. 2022ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಆಶಾಗಳಿಗೆ ಜಾಗತಿಕ ಪ್ರಶಸ್ತಿ ಕೊಟ್ಟಿತು. ಆದರೆ ಇಂದಿಗೂ ಅವರು ಸರ್ಕಾರದ ಲೆಕ್ಕದಲ್ಲಿ ನೌಕರರಲ್ಲ, ಸ್ವಯಂಸೇವಕಿಯರು. ಗೌರವಧನ, ಪ್ರೋತ್ಸಾಹಧನದ ಬಾಕಿಗಾಗಿ ಬೆಂಗಳೂರಿನ ಫ್ರೀಡಂ ಪಾರ್ಕಿನಲ್ಲಿ ಅವರು ಧರಣಿ ಕೂತದ್ದನ್ನು ನಾವೆಲ್ಲ ನೋಡಿದ್ದೇವೆ. ಒಂದು ಮಗುವಿನ ಮೂರನೇ ಡೋಸ್ ಬಾಕಿ ಇದೆಯೆಂದು ಇಡೀ ವ್ಯವಸ್ಥೆಯಲ್ಲಿ ನೆನಪಿಟ್ಟುಕೊಳ್ಳುವ ಏಕೈಕ ವ್ಯಕ್ತಿ ಅವಳು. ಅವಳಿಗೆ ನೆಮ್ಮದಿಯ ಸಂಬಳ ಕೊಡದೆ ಶೇ 95ರ ಗುರಿ ಇಟ್ಟುಕೊಳ್ಳುವುದು ಸರಿಯಲ್ಲ.

ಚಲಿಸುವ ಜನರನ್ನು ಹಿಂಬಾಲಿಸುವುದು ಅಸಾಧ್ಯವೇನಲ್ಲ, ನಾವು ಒಮ್ಮೆ ಮಾಡಿದ್ದೇವೆ. ಪೋಲಿಯೊ ಅಭಿಯಾನದವರು ಇಟ್ಟಿಗೆ ಗೂಡು, ಕಟ್ಟಡದ ಶೆಡ್ಡು, ಅಲೆಮಾರಿಗಳ ಬಿಡಾರಗಳ ಪಟ್ಟಿ ಮಾಡಿದರು. ರೈಲು ನಿಲ್ದಾಣಗಳಲ್ಲಿ, ಬಸ್ ನಿಲ್ದಾಣಗಳಲ್ಲಿ ನಿಂತು ಹನಿ ಹಾಕಿದರು, ಬಿಹಾರದ ಕೋಸಿ ನದಿಯ ದಡದ ಹಳ್ಳಿಗಳಿಗೆ ದೋಣಿಯಲ್ಲಿ, ನಡೆದುಕೊಂಡು ಹೋದರು. ಕಾಡು (ವೈಲ್ಡ್) ಪೋಲಿಯೊ ವೈರಸ್‌ನ ದೇಶದ ಕೊನೆಯ ಪ್ರಕರಣ 2011ರ ಜನವರಿ 13ರಂದು ಪಶ್ಚಿಮ ಬಂಗಾಳದ ಹೌರಾದಲ್ಲಿ ವರದಿಯಾಯಿತು, ಆಮೇಲೆ ಆ ವೈರಸ್ ಇಲ್ಲಿ ಮತ್ತೆ ನೆಲೆಯೂರಲಿಲ್ಲ. ಹನಿ ಹಾಕುವುದು ಸೂಜಿಗಿಂತ ಸುಲಭ, ಅದನ್ನು ಒಪ್ಪಬೇಕು. ರೈಲು ನಿಲ್ದಾಣದಲ್ಲಿ ಪೆಂಟಾವಲೆಂಟ್ ಹಾಕಿ ಅರ್ಧ ಗಂಟೆ ಕಾಯಿಸಲಾಗದು. ಆದರೆ ಜನ ಎಲ್ಲೆಲ್ಲಿ ಇರುತ್ತಾರೆಂಬ ಆ ಪಟ್ಟಿಯನ್ನು ವಾಡಿಕೆಯ ಲಸಿಕೆಗೂ ಬಳಸಲು ಅಡ್ಡಿಯಿಲ್ಲ.

2023ರ ಆರಂಭದಲ್ಲಿ 65 ಜಿಲ್ಲೆಗಳಲ್ಲಿ ಪ್ರಾಯೋಗಿಕವಾಗಿ ಶುರುವಾದ ಯು-ವಿನ್ ಎಂಬ ಡಿಜಿಟಲ್ ದಾಖಲೆ ಈ ದಿಕ್ಕಿನಲ್ಲಿ ಒಳ್ಳೆಯ ಹೆಜ್ಜೆ. ತವರಿನಲ್ಲಿ ಹಾಕಿಸಿದ ಸೂಜಿ ಗಂಡನ ಊರಿನ ನರ್ಸ್‌ಗೆ, ಯಾದಗಿರಿಯದು ಬೆಂಗಳೂರಿನ ನರ್ಸ್‌ಗೆ ಕಾಣುವಂತಾದರೆ ಕಳೆದುಹೋದ ಕಾರ್ಡಿನ ಸಮಸ್ಯೆ ಬಹಳಷ್ಟು ತೀರುತ್ತದೆ. ಆದರೆ ಯು-ವಿನ್‌ನಲ್ಲಿ ಬರೆಸುವ ಮೊಬೈಲ್ ನಂಬರ್ ಸಾಮಾನ್ಯವಾಗಿ ಗಂಡನದು. ನೆನಪಿನ ಸಂದೇಶ ಬರುವುದು ದಿನವಿಡೀ ಕೆಲಸದಲ್ಲಿರುವವನ ಜೇಬಿಗೆ, ಕೂಸಿರುವುದು ಶೆಡ್ಡಿನಲ್ಲಿ ತಾಯಿಯ ಜೊತೆ. ನಗರದ ಆಶಾ ತನ್ನ ವಾರ್ಡನ್ನು ಮನೆಯ ನಂಬರಿನ ಮೇಲೆ ಎಣಿಸುತ್ತಾಳೆ, ತಗಡಿನ ಶೆಡ್ಡಿಗೆ ನಂಬರ್ ಇರುವುದಿಲ್ಲ. ಆದ್ದರಿಂದ ನಗರದ ಪ್ರತಿ ಆರೋಗ್ಯ ಕೇಂದ್ರವೂ ತನ್ನ ವ್ಯಾಪ್ತಿಯ ಕಟ್ಟಡಗಳ, ಶೆಡ್ಡುಗಳ ಪಟ್ಟಿಯನ್ನು ಪ್ರತಿ ನವೆಂಬರಿನಲ್ಲಿ ಹೊಸದಾಗಿ ಮಾಡಬೇಕು, ಲಸಿಕೆಯ ಡಬ್ಬಿಯನ್ನು ಕೆಲಸ ಬಿಡುವ ಸಂಜೆಯ ಹೊತ್ತಿಗೆ, ಇಲ್ಲವೇ ರಜೆಯ ಭಾನುವಾರ ಅಲ್ಲಿಗೆ ಒಯ್ಯಬೇಕು. ಹೋದ ವರ್ಷದ ಪಟ್ಟಿಯಿಂದ ಕೆಲಸ ನಡೆಯುವುದಿಲ್ಲ. ಆ ಕಟ್ಟಡ ಮುಗಿದು ಅಲ್ಲಿ ಬೇರೆಯವರು ವಾಸವಾಗಿರುತ್ತಾರೆ, ಕಟ್ಟಿದವರು ಇನ್ನೊಂದು ಬಡಾವಣೆಗೆ ಹೋಗಿರುತ್ತಾರೆ.